ನಿಲ್ಲಿಸಲು ಒಂದು ಕಲ್ಲು

ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾವು ನಗುವ ಸ್ಥಿತಿಯಲ್ಲಿದ್ದೇವೋ ಇಲ್ಲವೋ ಎಂದು ವಿಚಾರಿಸಿಕೊಂಡು ಅವು ಬರುವುದಿಲ್ಲ.

ಅದೊಂದು ಗುರುವಾರ. ಬೆಳಿಗ್ಗೆ ಎಂದಿನಂತೆ ಯಜಮಾನರು ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಮಸಿನಗುಡಿಯಿಂದ ಹೊರಟು, ಮಾವನಲ್ಲ ಎಂಬ ಊರು ದಾಟಿ, ಹಳ್ಳ ದಾಟಿ, ಶಾಲೆಯ ಮುಂದೆ ಇಳಿಸಿದರು. "ಸಾಯಂಕಾಲ ಸ್ವಲ್ಪ ಬೇಗ ಬರ್ತೀನಿ. ಚೈನು ಸಡಿಲ ಆಗಿದೆ, ತೋರಿಸ್ಬೇಕು" ಅಂದರು. ನಾನು "ಸರಿ" ಅಂದೆ. ವಾಪಸು ಹೋಗುವಾಗ ಮಸಿನಗುಡಿಯ ಟೀ ಅಂಗಡಿಯಲ್ಲಿ ಕೂತು, ಟೀ ಹೇಳಿ, ಗೋಡೆಗೆ ಒರಗಿದವರು ಏಳಲಿಲ್ಲ. ಟೀ ತಂದವನು ನಿದ್ದೆ ಹತ್ತಿದೆ ಎಂದುಕೊಂಡು ಲೋಟದ ಮೇಲೆ ತಟ್ಟೆ ಮುಚ್ಚಿಟ್ಟಿದ್ದನಂತೆ.

ಆ ಗಾಡಿಯ ವಿಷಯ ಹೇಳಬೇಕು. ಯಜಮಾನರಿಗೆ ಮಣ್ಣುದಾರಿಯಲ್ಲಿ ಗಾಡಿ ಓಡಿಸುವ ಹುಚ್ಚು. ಭಾನುವಾರವಾದರೆ ಒಂದಿಬ್ಬರು ಸ್ನೇಹಿತರ ಜೊತೆ ಒಣಗಿದ ಹಳ್ಳಗಳಲ್ಲಿ, ಕಲ್ಲುಗುಡ್ಡಗಳಲ್ಲಿ ಏರಿ ಇಳಿಯುತ್ತಿದ್ದರು. ಪಂದ್ಯಕ್ಕಲ್ಲ, ಸುಮ್ಮನೆ. ಅದಕ್ಕೆಂದೇ ತಯಾರಾದ ಗಾಡಿಗಳನ್ನು ನಾವು ಊಟಿಯ ಹಳೇ ಪುಸ್ತಕದ ಅಂಗಡಿಯಲ್ಲಿ, ವಿದೇಶದ ಪತ್ರಿಕೆಗಳ ಚಿತ್ರದಲ್ಲಿ ನೋಡಿದ್ದೆವು, ಅಷ್ಟೇ. ನಮ್ಮಂಥವರ ಕೈಗೆಟುಕುವ ಉಪಾಯ ಗೂಡಲೂರಿನ ಒಬ್ಬ ಮೆಕ್ಯಾನಿಕ್ ಹತ್ತಿರ ಇತ್ತು. ಯಾರೋ ಓಡಿಸಿ ಬಿಟ್ಟ ನೂರು ಸಿಸಿ ಗಾಡಿ. ಅದಕ್ಕೆ ಹಲ್ಲುಹಲ್ಲಾದ ಟೈರು, ಮೇಲಕ್ಕೆ ತಿರುಗಿಸಿದ ಸೈಲೆನ್ಸರು, ಅಗಲವಾದ ಹ್ಯಾಂಡಲ್ಲು, ಉದ್ದನೆಯ ಶಾಕ್ ಅಬ್ಸಾರ್ಬರು. ಎಲ್ಲ ಸೇರಿ ಗಾಡಿ ಒಂದು ಗೇಣು ಎತ್ತರವಾಗಿತ್ತು. ಯಜಮಾನರು ಉದ್ದನೆಯ ಆಳು. ನಾನು ಬೋರ್ಡಿನ ತುದಿಯಲ್ಲಿ ತಾರೀಖು ಬರೆಯಲು ಸ್ಟೂಲು ಹತ್ತುವವಳು.

ನಮ್ಮದು ಒಬ್ಬರೇ ಟೀಚರಿರುವ ಶಾಲೆ. ಹಳ್ಳದ ಆಚೆಗಿನ ಊರಿನ ಮಕ್ಕಳು ಮಾತ್ರ ಬರುತ್ತಾರೆ. ಅಲ್ಲಿಗೆ ಬಸ್ಸಿಲ್ಲ. ಜೀಪು ತುಂಬಿದಾಗ ಹೊರಡುತ್ತದೆ. ಯಾವಾಗ ತುಂಬುತ್ತದೆ ಎನ್ನುವುದು ಜೀಪಿಗೂ ಗೊತ್ತಿಲ್ಲ. ಕಾರ್ಯಗಳೆಲ್ಲ ಮುಗಿದು ನಾನು ಕೆಲಸಕ್ಕೆ ಮರಳಿದ ಮೇಲೆ ಶಾಲೆ ತೆರೆಯುವುದು ದಿನವೂ ತಡವಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಬೆಳಗಿನ ಪ್ರಾರ್ಥನೆ ಮಾಡಿಸಿದ್ದೂ ಉಂಟು. ಶಿಕ್ಷಣ ಇಲಾಖೆಯ ಸಾಹೇಬರು ಊಟಿಯ ಕಚೇರಿಗೆ ಕರೆಸಿದರು. ಗಟ್ಟಿಯಾಗಿ ಮಾತಾಡುವವರಲ್ಲ. ತಮಿಳಿನಲ್ಲಿ ಮೆಲ್ಲಗೆ ಹೇಳಿದರು: "ನಿಮ್ಮ ಕಷ್ಟ ಗೊತ್ತಮ್ಮ. ಆದರೆ ಹೊತ್ತಿಗೆ ತೆರೆಯದ ಶಾಲೆಯನ್ನು ಇಟ್ಟುಕೊಂಡು ಏನು ಮಾಡೋಣ? ಪೊಂಗಲ್ ಕಳೆದ ಮೇಲೆ ನಾನೇ ಬಂದು ನೋಡುತ್ತೇನೆ. ಸರಿಹೋಗದಿದ್ದರೆ ಶಾಲೆ ಮುಚ್ಚಿ ಮಕ್ಕಳನ್ನು ಮಸಿನಗುಡಿಗೆ ಸೇರಿಸಿಬಿಡೋಣ."

ಮಸಿನಗುಡಿಗೆ ಬರಬೇಕಾದರೆ ಆ ಮಕ್ಕಳು ಆನೆ ಓಡಾಡುವ ಕಾಡು ದಾಟಿ ನಡೆಯಬೇಕು. ಬರುವುದಿಲ್ಲ. ಎಮ್ಮೆ ಕಾಯಲು ಹೋಗುತ್ತಾರೆ. ಅದು ಸಾಹೇಬರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮನೆಯಲ್ಲಿ ಗಾಡಿ ಇತ್ತು.

ಕಾಲು

ನನಗೆ ಸೈಕಲ್ ಬರುತ್ತಿತ್ತು. ಆದ್ದರಿಂದ ಬ್ಯಾಲೆನ್ಸು ಕಷ್ಟವಾಗಲಿಲ್ಲ. ಕ್ಲಚ್ಚು, ಗೇರು ಇವೂ ಒಂದು ವಾರದಲ್ಲಿ ಕೈಗೆ ಬಂದವು. ಕಷ್ಟವಾದದ್ದು ಒಂದೇ. ಸೀಟಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿದರೆ ಹೆಬ್ಬೆರಳು ಮುಟ್ಟುತ್ತಿತ್ತು. ಆದರೆ ಹಾಗೆ ವಾಲಿದ ಗಾಡಿ ಮತ್ತೆ ನೆಟ್ಟಗಾಗದೆ ನನ್ನ ಮೇಲೇ ಮಲಗುತ್ತಿತ್ತು.

ಸೀರೆಯ ಸಮಸ್ಯೆ ಅತ್ತೆ ಬಗೆಹರಿಸಿದರು. ಪೆಟ್ಟಿಗೆ ತೆಗೆದು ಮಗನ ಪ್ಯಾಂಟನ್ನು ನನ್ನ ಮುಂದೆ ಎಸೆದು, "ಸುಮ್ನೆ ಮಡಚಿ ಮಲಗಿಸಿದ್ರೆ ಏನ್ ಸಂಪಾದ್ನೆ? ಒಳಗೆ ಹಾಕ್ಕೊ, ಮೇಲೆ ಸೀರೆ ಎತ್ತಿ ಕಟ್ಕೊ" ಅಂದರು. ಕಾಲಿನ ತುದಿಯನ್ನು ಅವರೇ ಮಡಚಿ ಹೊಲಿದರು.

ಎತ್ತರದ ಸಮಸ್ಯೆಯನ್ನು ಗೂಡಲೂರಿಗೆ ಒಯ್ದೆ. ಮೆಕ್ಯಾನಿಕ್ ಮಲಯಾಳಿ, ಮೂರು ಭಾಷೆ ಕಲಸಿ ಮಾತಾಡುವವನು. ಸೀಟಿನ ಸ್ಪಂಜನ್ನು ಕುಯ್ದು ತೆಗೆದ. ಇನ್ನೂ ನಾಲ್ಕು ಬೆರಳು ಸಾಲದು. "ಗಾಡಿನೇ ಇಳಿಸಿಬಿಡಿ" ಅಂದೆ. "ಇಳಿಸಿದ್ರೆ ಹಳ್ಳದ ಕಲ್ಲು ಇಂಜಿನ್ ಹೊಟ್ಟೆಗೆ ಬಡಿಯುತ್ತೆ ಟೀಚರೇ" ಅಂದ. ಆಮೇಲೆ ಸ್ಪ್ಯಾನರ್ ಹಿಡಿದು ಬಹಳ ಹೊತ್ತು ಯೋಚನೆ ಮಾಡಿ ಕೇಳಿದ:

"ಗಾಡಿ ಓಡುವಾಗ ಕಾಲು ಊರ್ಬೇಕಾ?"

"ಇಲ್ಲ."

"ನಿಲ್ಲುವಾಗ ಮಾತ್ರ ಅಲ್ವಾ?"

"ಹೌದು."

"ಹಾಗಾದ್ರೆ ನಿಲ್ಲಬೇಡಿ."

ಫಸ್ಟ್ ಗೇರು

ಮನೆಯ ಮುಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ಗಾಡಿ ಹತ್ತಿ ಹೊರಡುತ್ತಿದ್ದೆ. ಮೊದಲ ತಿಂಗಳು ನಾನು ಫಸ್ಟ್ ಗೇರು ಬಿಟ್ಟು ಮೇಲೆ ಹೋಗಲಿಲ್ಲ. ಮೆಲ್ಲಗೆ ಹೋದರೆ ಮೆಲ್ಲಗೆ ಬೀಳಬಹುದು ಎನ್ನುವುದು ನನ್ನ ಲೆಕ್ಕ. ಇಂಜಿನ್ ಮಾತ್ರ ಗೊಳೋ ಎಂದು ಅಳುತ್ತಿತ್ತು.

ಒಂದು ಬೆಳಿಗ್ಗೆ ಮಾವನಲ್ಲ ದಾಟಿ ಕಾಡಿನ ತಿರುವಿಗೆ ಬಂದೆ. ದಾರಿಯ ತುಂಬ ಸೌದೆಹೊರೆಗಳು ಬಿದ್ದಿದ್ದವು. ಒಂದು ಕತ್ತಿ. ಒಂಟಿ ಚಪ್ಪಲಿ. ಮನುಷ್ಯರು ಯಾರೂ ಇಲ್ಲ. ಹೆಂಗಸರು ಹೊರೆ ಎಸೆದು ಓಡಿದ್ದಾರೆಂದರೆ ಆನೆ ಪಕ್ಕದಲ್ಲೇ ಇದೆ. ನಿಲ್ಲಿಸುವಂತಿಲ್ಲ, ಕಾಲು ಎಟುಕದು. ತಿರುಗಿಸುವಂತಿಲ್ಲ, ದಾರಿ ಕಿರಿದು. ಹೊರೆಗಳ ನಡುವೆ ಸೊಟ್ಟಸೊಟ್ಟ ಹೋಗುತ್ತ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಬಲಗಡೆಯ ಲಂಟಾನ ಪೊದೆ ಅಲ್ಲಾಡಿತು. ನಾನು ಕಿರುಚಿದೆ. ಪೊದೆಯೂ ಕಿರುಚಿತು.

ಒಳಗೆ ಐದಾರು ಹೆಂಗಸರು ಕೂತಿದ್ದರು. ಫಾರೆಸ್ಟಿನವರ ಹಳೇ ಜೀಪು ಏರು ಹತ್ತುವಾಗ ಹೀಗೆಯೇ ಗೊಳೋ ಅನ್ನುತ್ತದಂತೆ. ಸೌದೆ ಹಿಡಿಯಲು ಅವರೇ ಬಂದರೆಂದು ಇವರು ಹೊರೆ ಎಸೆದು ಅಡಗಿದ್ದರು.

ಸಂಜೆ ಅವರಲ್ಲಿ ಒಬ್ಬಳು ಶಾಲೆಯ ಬೇಲಿಯ ಹತ್ತಿರ ಬಂದು ನಿಂತಳು. "ಟೀಚರಮ್ಮ, ವಾರದಿಂದ ದಿನಾ ಓಡ್ತಾ ಇದೀವಿ. ನೀವು ಎರಡನೇ ಗೇರು ಕಲೀರಿ, ಇಲ್ಲಾಂದ್ರೆ ನಮ್ಮ ಮನೆಗೆ ಸೌದೆ ತಂದ್ಹಾಕಿ."

ಎಂಟು

ನಾನು ಗಾಡಿ ಓಡಿಸುವ ಸುದ್ದಿ ಸಾಹೇಬರಿಗೆ ಮುಟ್ಟಿತು. ಲೈಸೆನ್ಸ್ ಇಲ್ಲದೆ ನಾನು ಬಿದ್ದರೆ ಇಲಾಖೆಗೆ ಕೆಟ್ಟ ಹೆಸರು, ಲೈಸೆನ್ಸ್ ತೋರಿಸದಿದ್ದರೆ ಪೊಂಗಲ್‌ವರೆಗೂ ಕಾಯುವುದಿಲ್ಲ ಎಂದು ಹೇಳಿಕಳಿಸಿದರು. ಮೆಕ್ಯಾನಿಕ್ ಗಾಡಿಯನ್ನು ಊಟಿಗೆ ಓಡಿಸಿಕೊಂಡು ಬಂದ. ನಾನು ಬಸ್ಸಿನಲ್ಲಿ ಹೋದೆ.

ಲೈಸೆನ್ಸ್ ಕಚೇರಿಯ ಮೈದಾನದಲ್ಲಿ ಸುಣ್ಣದಿಂದ ದೊಡ್ಡ ಎಂಟು ಬರೆದಿದ್ದರು. ಮಧ್ಯೆ ಕಾಲು ಊರಿದರೆ ಫೇಲು. ನನಗಿಂತ ಮುಂದೆ ಹೋದ ಯುವಕರು ಒಬ್ಬೊಬ್ಬರೇ ತಿರುವಿನಲ್ಲಿ ಕಾಲು ಊರಿ, ತಲೆ ಕೆರೆಯುತ್ತ ಬಂದರು. ನನ್ನ ಸರದಿ ಬಂತು. ಇನ್‌ಸ್ಪೆಕ್ಟರನ್ನು ಕೇಳಿದೆ:

"ಸಾರ್, ಇಲ್ಲಿ ಒಂದು ಕಲ್ಲು ಸಿಗುತ್ತದಾ?"

"ಪೂಜೆಗೀಜೆ ಎಲ್ಲ ಮನೆಯಲ್ಲಿ ಮಾಡಿಕೊಂಡು ಬರಬೇಕಮ್ಮ" ಅಂದರು.

ಕಚೇರಿಯ ಮೆಟ್ಟಿಲ ಪಕ್ಕಕ್ಕೆ ಗಾಡಿ ತಳ್ಳಿಕೊಂಡು ಹೋಗಿ ಎರಡನೇ ಮೆಟ್ಟಿಲಿನಿಂದ ಹತ್ತಿದೆ. ಒಂದನೇ ತರಗತಿಗೆ ಎಂಟು ಬರೆಯಲು ಕಲಿಸುವಾಗ, ಕೈ ಎತ್ತದೆ ಒಂದೇ ಎಳೆತದಲ್ಲಿ ಬರೆಯಬೇಕು ಎಂದು ನಾನೇ ಹೇಳುತ್ತೇನೆ. ಹಾಗೆಯೇ ಬರೆದೆ. ಮುಗಿಯಿತು. ಇನ್ನು ನಿಲ್ಲಿಸಬೇಕು. ಕಲ್ಲಿರಲಿಲ್ಲವಾದ್ದರಿಂದ ಬಂದ ಮೆಟ್ಟಿಲಿಗೇ ವಾಪಸು ಹೊರಟೆ. ಅಲ್ಲಿ ಫೇಲಾದವರೆಲ್ಲ ಸಾಲಾಗಿ ಕೂತಿದ್ದರು. "ಏಳಿ, ಏಳಿ!" ಎಂದು ಕೂಗಿದೆ. ಎದ್ದು ಚೆದುರಿದರು. ಮೆಟ್ಟಿಲಿಗೆ ಕಾಲು ಕೊಟ್ಟು ನಿಂತೆ.

ಇನ್‌ಸ್ಪೆಕ್ಟರು ಎಲ್ಲರನ್ನೂ ಹತ್ತಿರ ಕರೆದರು. ನನ್ನನ್ನು ತೋರಿಸಿ ಹೇಳಿದರು: "ನೋಡಿ ಕಲಿತುಕೊಳ್ಳಿ. ಎಷ್ಟು ಶಿಸ್ತು! ಕಾಲು ಊರುವ ಯೋಚನೆಯನ್ನೇ ಇವರು ಮಾಡಲಿಲ್ಲ."

ಹಿಂದಿನ ಸೀಟು

ಲೈಸೆನ್ಸ್ ಕೈಗೆ ಬಂದ ಮರುದಿನ ಅತ್ತೆ ಸೀರೆ ಬದಲಾಯಿಸಿ, ಎಲೆಯಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಪಕ್ಕ ನಿಂತಿದ್ದರು. "ಒಂಟಿ ಹೆಣ್ಣು ಕಾಡಲ್ಲಿ ಹೋಗೋದಾ? ನಾನೂ ಬತ್ತೀನಿ." ಎಮ್ಮೆಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದೆ. "ಪಕ್ಕದ ಮನೆಯೋಳ್ಗೆ ಹೇಳಿವ್ನಿ. ಎಮ್ಮೆಗೆ ನಾನಿಲ್ದಿದ್ರೂ ಬುದ್ಧಿ ಅದೆ. ನಿನಗೆ ಇಲ್ಲ."

ಅಂದಿನಿಂದ ದಿನವೂ ಬಂದರು. ಇಡೀ ದಿನ ಶಾಲೆಯಲ್ಲಿ ಕೂತು ಮಕ್ಕಳ ಮೂಗು ಒರೆಸುತ್ತಿದ್ದರು. ಪ್ರಶ್ನೆಗೆ ಉತ್ತರ ತಪ್ಪು ಹೇಳಿದವನಿಗೆ ನಾನು ಬಯ್ಯುವ ಮೊದಲೇ ಒಂದು ಕಡಲೆ ಕೊಟ್ಟುಬಿಡುತ್ತಿದ್ದರು.

ದೀಪಾವಳಿಯ ನಂತರ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಹಳ್ಳದ ಅಂಚಿಗೆ ಬಂದರೆ ನೀರು ಕೆಂಪಗೆ ಸುತ್ತಿಕೊಂಡು ಹೋಗುತ್ತಿತ್ತು. ಯಜಮಾನರ ಜೊತೆ ಅಂಥ ನೀರು ದಾಟಿದ್ದೆ. ಆದರೆ ಆಗ ನಾನು ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ಹಿಂದಿರುಗಿದರೆ ಶಾಲೆ ಇಲ್ಲ. ಆ ವಾರ ಆಗಲೇ ಒಂದು ದಿನ ಬಾಗಿಲು ತೆರೆದಿರಲಿಲ್ಲ. ಅತ್ತೆಯನ್ನು ಇಳಿಯಿರಿ ಎಂದೆ. ಇಳಿಯಲಿಲ್ಲ. ಗಾಡಿಯನ್ನು ನೀರಿಗೆ ಇಳಿಸಿದೆ.

ನಡುನೀರಿನಲ್ಲಿ ಮುಂದಿನ ಚಕ್ರ ಕಲ್ಲಿಗೆ ಸಿಕ್ಕು ಹ್ಯಾಂಡಲ್ ತಿರುಚಿಕೊಂಡಿತು. ಇಂಜಿನ್ ಎರಡು ಸಲ ಕೆಮ್ಮಿತು. ನೀರು ಮೊಣಕಾಲಿಗೆ ಬಂತು. ಕಾಲು ಊರಿದರೆ ಕೆಳಗೆ ಏನೂ ಇಲ್ಲವೆಂದು ಗೊತ್ತು. ಆಗ ಅತ್ತೆ ನನ್ನ ಭುಜದ ಮೇಲಿಂದ ಬಾಗಿ ಪೆಟ್ರೋಲ್ ಟ್ಯಾಂಕನ್ನು ಅಂಗೈಯಿಂದ ತಟ್ಟತೊಡಗಿದರು. "ಹೋ... ಹೋ... ಹೆದರ್ಬೇಡ ಕಣವ್ವ... ನಡಿ ನನ್ನಮ್ಮ..." ಎಮ್ಮೆಯನ್ನು ಹೊಳೆಗೆ ಇಳಿಸುವಾಗ ಆಡುವ ಮಾತು ಅದು. ಗಾಡಿ ಒಮ್ಮೆ ಜಗ್ಗಿ, ಕಲ್ಲನ್ನು ಹತ್ತಿ, ಆಚೆ ದಡಕ್ಕೆ ಹಾರಿತು.

ದಡದಲ್ಲಿ ಅತ್ತೆ ಸೀರೆಯ ನೀರು ಹಿಂಡುತ್ತ ಗಾಡಿಯನ್ನೇ ನೋಡುತ್ತಿದ್ದರು. "ಎಮ್ಮೆ ಆಗಿದ್ರೆ ನಡೂ ನೀರಲ್ಲೇ ಮಲಗಿಬಿಡೋದು" ಅಂದರು. "ನನ್ ಮಗ ಚೆನ್ನಾಗಿ ಸಾಕವ್ನೆ."

ಎಲ್ಲರ ಮನೆ ಮುಂದೆ

ಶಾಲೆಯ ಅಂಗಳದಲ್ಲಿ ನಿಲ್ಲಿಸಲು ಏನೂ ಇರಲಿಲ್ಲ. ಮೊದಮೊದಲು ಬೇಲಿಗೆ ಆತುಕೊಳ್ಳುತ್ತಿದ್ದೆ, ಬೇಲಿ ಒರಗಿತು. ಊರಿನ ಹಿರಿಯರೊಬ್ಬರು ಇದನ್ನು ನೋಡಿದರು. ಹಿಂದಿನ ಕಾಲದಲ್ಲಿ ತಲೆಹೊರೆ ಹೊತ್ತು ಸಂತೆಗೆ ನಡೆಯುವವರು ಹೊರೆ ಇಳಿಸಿ ಸುಧಾರಿಸಿಕೊಳ್ಳಲೆಂದು ದಾರಿಯಲ್ಲಿ ಕಲ್ಲು ನೆಡುತ್ತಿದ್ದರು. ಮುರಿದುಬಿದ್ದ ಅಂಥದೊಂದು ಕಲ್ಲಿನ ತುಂಡನ್ನು, ಸುಮಾರು ಒಂದು ಗೇಣು ದಪ್ಪದ್ದು, ಹಿರಿಯರು ಉರುಳಿಸಿಕೊಂಡು ಬಂದು ಅಂಗಳದಲ್ಲಿ ಹಾಕಿಸಿದರು. "ಹೊರೆ ಹೊತ್ತೋರ್ಗೆ ಅಂತ ಇಟ್ಟ ಕಲ್ಲು. ನೀವು ಕಾಲಿಡಿ ಟೀಚರಮ್ಮ" ಅಂದರು. ಕಾಲಿಟ್ಟೆ. ಸರಿಯಾಗಿ ಎಟುಕಿತು.

ಆ ಸುದ್ದಿ ಹರಡಿತು. ಟೀಚರನ್ನು ನಿಲ್ಲಿಸಬೇಕಾದರೆ ಕಲ್ಲಿಡಬೇಕು ಎಂದು ಊರಿಗೆ ಅರ್ಥವಾಯಿತು. ಮಗನ ಮೇಲೆ ದೂರು ಹೇಳಬೇಕಿದ್ದ ಅಪ್ಪ ಒಂದು ಕಲ್ಲಿಟ್ಟ. ಮಾತ್ರೆಯನ್ನು ಊಟಕ್ಕೆ ಮೊದಲು ನುಂಗಬೇಕೋ ಆಮೇಲೋ ಎಂದು ಕೇಳಬೇಕಿದ್ದ ಅಜ್ಜಿ ಒಂದು ಇಟ್ಟಳು. ಎದುರುಬದುರು ಮನೆಯ ಇಬ್ಬರು ದಾಯಾದಿಗಳು, ಮಾತು ಬಿಟ್ಟವರು, ದಾರಿಯ ಆ ಕಡೆ ಒಂದು, ಈ ಕಡೆ ಒಂದು ಇಟ್ಟರು. ಹೋಗುವಾಗ ಒಬ್ಬರದು, ಬರುವಾಗ ಇನ್ನೊಬ್ಬರದು ಎಂದು ಅತ್ತೆ ಹಿಂದಿನ ಸೀಟಿನಿಂದಲೇ ತೀರ್ಪು ಕೊಟ್ಟರು.

ಇದರಿಂದ ಆದದ್ದೇನೆಂದರೆ ಶಾಲೆಗೆ ಮತ್ತೆ ತಡವಾಗತೊಡಗಿತು. ಪೊಂಗಲ್ ಹತ್ತಿರ ಬರುತ್ತಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಯಾವ ಕಲ್ಲಿಗೂ ಕಾಲಿಡದೆ ಹೋದೆ. ಕೊನೆಯ ಮನೆಯವನು ದಾರಿಗೇ ಅಡ್ಡ ನಿಂತುಬಿಟ್ಟ. ಅವನಿಗೆ ಮದುವೆಯಾಗಿಲ್ಲ, ಮಕ್ಕಳಿಲ್ಲ.

"ನಿಮಗೆ ಶಾಲೆಯಿಂದ ಏನಾಗಬೇಕಪ್ಪ?" ಎಂದು ಅವನ ಕಲ್ಲಿನ ಮೇಲೆ ನಿಂತು ಕೇಳಿದೆ.

"ಏನೂ ಇಲ್ಲ ಟೀಚರಮ್ಮ. ಎಲ್ಲರ ಮನೆ ಮುಂದೂ ನಿಲ್ತೀರ. ನಮ್ಮನೆ ಏನ್ ಪಾಪ ಮಾಡ್ಯದೆ?"

ಮರುದಿನದಿಂದ ಮಸಿನಗುಡಿಯನ್ನು ಇನ್ನೂ ಬೇಗ ಬಿಟ್ಟೆ.

ಸ್ವಾಗತ

ಪೊಂಗಲ್ ಕಳೆದು ಸಾಹೇಬರು ಬರುವ ದಿನ ಬಂತು. ಅಡುಗೆಗೆ ಸಹಾಯ ಮಾಡಲು ಅತ್ತೆ ಹಿಂದಿನ ದಿನವೇ ಶಾಲೆಯ ಊರಿಗೆ ಹೋಗಿದ್ದರು. ನಾನೊಬ್ಬಳೇ ಹೊರಟೆ. ಹಳ್ಳದಲ್ಲಿ ಸಾಹೇಬರ ಜೀಪು ಮರಳಿನಲ್ಲಿ ಹೂತು ನಿಂತಿತ್ತು. ಡ್ರೈವರು ಚಕ್ರದ ಕೆಳಗೆ ಸೊಪ್ಪು ಹಾಕುತ್ತಿದ್ದ. ಬಿಳಿ ತುಂಬುತೋಳಿನ ಅಂಗಿಯ ಸಾಹೇಬರು ದಿಬ್ಬದ ಮೇಲೆ ನಿಂತು ವಾಚು ನೋಡಿದರು, ದಿಬ್ಬಕ್ಕೆ ಕಾಲು ಕೊಟ್ಟು ಗಾಡಿ ನಿಲ್ಲಿಸಿದ ನನ್ನನ್ನು ನೋಡಿದರು.

"ಶಾಲೆ ತೆರೆಯುವ ಹೊತ್ತಿಗೆ ಮುಟ್ಟಿಸುತ್ತೀರಾ?"

"ಮುಟ್ಟಿಸುತ್ತೇನೆ ಸಾರ್."

ದಿಬ್ಬದಿಂದ ನೇರವಾಗಿ ಹಿಂದಿನ ಸೀಟಿಗೆ ಹತ್ತಿದರು. ನಾನೊಬ್ಬಳೇ ಬೀಳುವುದು ಬೇರೆ. ಇವರನ್ನು ಬೀಳಿಸಿದರೆ ಶಾಲೆಯೂ ಜೊತೆಗೇ ಬೀಳುತ್ತದೆ. ಜೀಪಿಗೆ ಅಡ್ಡವಾಗಬಾರದೆಂದು ಮನೆಗಳ ಮುಂದಿನ ಕಲ್ಲುಗಳನ್ನೆಲ್ಲ ಎತ್ತಿಬಿಟ್ಟಿದ್ದರು. ದಾರಿಯುದ್ದಕ್ಕೂ ಅಂಗಳದ ಆ ಒಂದು ಕಲ್ಲನ್ನೇ ನೆನೆಯುತ್ತ ಓಡಿಸಿದೆ.

ಅಂಗಳ ಕನ್ನಡಿಯ ಹಾಗಿತ್ತು. ಸಾರಿಸಿ, ರಂಗೋಲಿ ಬಿಟ್ಟು, ತೋರಣ ಕಟ್ಟಿದ್ದರು. ಮಕ್ಕಳು ಸಾಲಾಗಿ ನಿಂತಿದ್ದರು. ಹಿರಿಯರ ಕೈಯಲ್ಲಿ ಚೆಂಡುಹೂವಿನ ಹಾರ. ಕಲ್ಲು ಇರಲಿಲ್ಲ.

ನಾನು ನಿಲ್ಲಿಸದೆ ಶಾಲೆಯ ಹಿಂದಕ್ಕೆ ತಿರುಗಿಸಿದೆ. ಅಲ್ಲಿ ಗೊತ್ತಾಯಿತು. ಸಾಹೇಬರು ಬರುತ್ತಾರೆಂದು ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಹಾಕಿದ್ದರು. ದೊಡ್ಡ ಪಾತ್ರೆಗೆ ದೊಡ್ಡ ಒಲೆ. ಒಲೆಗೆ ಅಷ್ಟು ದಪ್ಪದ ಮೂರನೇ ಕಲ್ಲು ಸಿಗದೆ ನನ್ನ ಕಲ್ಲನ್ನು ಇಟ್ಟಿದ್ದರು. ಅದರ ಸುತ್ತ ಬೆಂಕಿ ಉರಿಯುತ್ತಿತ್ತು.

ಮತ್ತೆ ಮುಂದಕ್ಕೆ ಬಂದೆವು. ಅಧಿಕಾರಿಗಳು ಎದುರಿಗೆ ಬಂದಾಗ ಕೈಮುಗಿಯಬೇಕೆಂದು ನಾನೇ ಮಕ್ಕಳಿಗೆ ಒಂದು ವಾರ ಕಲಿಸಿದ್ದೆ. "ವಣಕ್ಕಂ ಅಯ್ಯಾ!" ಎಂದು ಒಕ್ಕೊರಲಿನಲ್ಲಿ ಕೂಗಿದರು. ಸಾಹೇಬರು ಒಂದು ಕೈ ಎತ್ತಿದರು. ಹಿರಿಯರು ಹಾರ ಹಿಡಿದು ಎರಡು ಹೆಜ್ಜೆ ಓಡಿ ಹಿಂದೆ ಉಳಿದರು.

"ಯಾಕಮ್ಮ ನಿಲ್ಲಿಸಲಿಲ್ಲ?"

"ಕಲ್ಲು ಇಲ್ಲ ಸಾರ್."

ಎರಡನೇ ಸುತ್ತು. "ವಣಕ್ಕಂ ಅಯ್ಯಾ!"

"ಯಾವ ಕಲ್ಲು? ಬ್ರೇಕ್ ಇಲ್ಲವಾ?"

"ಬ್ರೇಕ್ ಇದೆ ಸಾರ್. ಕಾಲು ಸಾಲದು."

ಸಾಹೇಬರ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿಯಿತು. ಶಾಲೆಯ ಹಿಂದೆ ನಾಲ್ಕು ಜನ ಒಲೆಯ ಕಲ್ಲನ್ನು ಎಳೆಯಲು ಹೋಗಿ ಕೈ ಸುಟ್ಟುಕೊಂಡು ಊದಿಕೊಳ್ಳುತ್ತಿದ್ದರು. "ಕಲ್ಲು ಕಾದದೆ ಟೀಚರಮ್ಮ!" ಎಂದು ಕೂಗಿದರು. ಸೌಟು ಹಿಡಿದ ಅತ್ತೆ ಅವರನ್ನು ಗದರಿದರು: "ಬುಡ್ರೋ, ಪಾತ್ರೆ ಉರುಳ್ತದೆ! ಕೂಸೇ, ರವೆ ಬೇಯ್ಲಿ, ಇನ್ನೊಂದು ಸುತ್ತು ಹೊಡಿ!"

ಮೂರನೇ ಸುತ್ತಿನಲ್ಲಿ ಮಕ್ಕಳಿಗೆ ಗಂಟಲು ಪಳಗಿತ್ತು. ಹಿರಿಯರು ಈ ಸಲ ಮೊದಲೇ ಓಡಲು ಶುರುಮಾಡಿ ಹಾರವನ್ನು ಎಸೆದರು. ಅದು ಹೆಡ್‌ಲೈಟಿನ ಕೊರಳಿಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಪೆಟ್ರೋಲ್ ಎಷ್ಟಿದೆ ಎಂದು ಯೋಚಿಸಿದೆ. ಬೆಳಿಗ್ಗೆ ತುಂಬಿಸಿಕೊಂಡು ಬಂದಿದ್ದೆ.

ನಾಲ್ಕನೇ ಸುತ್ತಿಗೆ ಅತ್ತೆ ಅಂಗಳದ ಮಧ್ಯಕ್ಕೇ ಬಂದು ನಿಂತರು. ಸಾಹೇಬರನ್ನು ಮೇಲಿಂದ ಕೆಳಗೆ ನೋಡಿದರು. "ಅಯ್ಯಾ ಸಾಮಿ, ಅಷ್ಟುದ್ದ ಕಾಲು ಇಟ್ಕೊಂಡು ಮಡಚ್ಕೊಂಡು ಕೂತಿದೀರಲ್ಲ, ಅದೇನ್ ಸೊಗಸಿಗಾ? ಊರಿ!"

ಅವರಿಗೆ ಕನ್ನಡ ಬರುವುದಿಲ್ಲ. ಆದರೆ ಸೌಟು ನೇರವಾಗಿ ಅವರ ಕಾಲಿನ ಕಡೆಗಿತ್ತು. ನಾನು ಬ್ರೇಕ್ ಹಿಡಿದೆ. ಅವರು ಎರಡೂ ಕಾಲನ್ನು ನೆಲಕ್ಕೆ ಊರಿದರು. ಗಾಡಿ ರಂಗೋಲಿಯ ಮಧ್ಯೆ ಅಲುಗಾಡದೆ ನಿಂತಿತು.

ಸಾಹೇಬರು ಹಾಗೆಯೇ ನಿಂತು ವಾಚು ನೋಡಿದರು.

"ಹೊತ್ತಾಯಿತು. ಬೆಲ್ ಹೊಡೆಯಿರಿ" ಅಂದರು.

ಆ ವರ್ಷ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಒಂದನೇ ತರಗತಿಗೆ ನಾಲ್ಕು ಮಕ್ಕಳು ಸೇರಿದರು.